ಕೈಸಾಧನಗಳು ಮತ್ತು ಕೊಳ್ಳುವವರ ಲೆಕ್ಕ

ಮನುಷ್ಯರು ದಿನವಿಡೀ ಮೈಮೇಲೆ ಅಥವಾ ಕೈಗೆಟಕುವಷ್ಟು ಹತ್ತಿರದಲ್ಲಿ ಇಟ್ಟುಕೊಂಡು ಬಳಸುವ ಯಂತ್ರಗಳನ್ನು, ಅಂದರೆ ಕೈಗಡಿಯಾರ, ರೇಡಿಯೋ, ಮೊಬೈಲ್ ಫೋನು, ಇಯರ್‌ಫೋನು ಮೊದಲಾದವನ್ನು, ವೈಯಕ್ತಿಕ ತಂತ್ರಜ್ಞಾನವೆಂದು ಕರೆಯುವ ರೂಢಿಯಿದೆ. ಇವುಗಳ ಬಗ್ಗೆ ತಜ್ಞರು ಬರೆಯುವ ವಿಮರ್ಶೆ ಒಂದು ಬಗೆಯದು. ಇವನ್ನು ಕೊಂಡು, ಬಳಸಿ, ಬೀಳಿಸಿ, ರಿಪೇರಿ ಮಾಡಿಸಿ, ಕೊನೆಗೆ ಬೀರುವಿನ ಮೂಲೆಗೆ ತಳ್ಳುವ ಜನರು ಅಂಗಡಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಆಡುವ ಮಾತು ಇನ್ನೊಂದು ಬಗೆಯದು. "ಕ್ಯಾಮೆರಾ ಚೆನ್ನಾಗಿದೆ, ಚಾರ್ಜ್ ನಿಲ್ಲಲ್ಲ", "ನೋಡೋಕೆ ಸ್ಲಿಮ್ಮಾಗಿದೆ, ಬಾಳಿಕೆ ಬರಲ್ಲ" ಎಂಬಂಥ ಈ ಎರಡನೆಯ ಬಗೆಯ ಮಾತಿಗೆ ಅಂಕಿ ಅಂಶಗಳ ಆಧಾರವಿಲ್ಲವೆಂದು ಬಲ್ಲವರು ಅದನ್ನು ಬದಿಗೆ ಸರಿಸುವುದುಂಟು. ಆದರೆ ಇಂಥ ಪ್ರತಿಯೊಂದು ಮಾತಿನಲ್ಲೂ ಬಂದದ್ದೊಂದು, ಹೋದದ್ದೊಂದು ಇರುತ್ತದೆ. ಸಾಧನವನ್ನು ಹೊಗಳುತ್ತಲೋ ಬೈಯುತ್ತಲೋ ಕೊಳ್ಳುವವರು ಒಂದು ಅನುಕೂಲಕ್ಕಾಗಿ ತಾವು ಏನನ್ನು ಬಿಟ್ಟುಕೊಟ್ಟೆವೆಂಬುದನ್ನು ಎಣಿಸುತ್ತಿರುತ್ತಾರೆ.

ಇಂಥ ಮಾತುಗಳಿಗೆ ಕಿವಿಗೊಡಲು ಬೆಂಗಳೂರಿನ ಉತ್ತರ ಭಾಗ ತಕ್ಕ ಜಾಗ. ವಿದ್ಯಾರಣ್ಯಪುರಕ್ಕೆ ಹೊಂದಿಕೊಂಡಿರುವ ಸಿಂಗಾಪುರವು ಯಲಹಂಕ ಹೋಬಳಿಯ ಕೆರೆಯಂಚಿನ ಹಳ್ಳಿಯಾಗಿದ್ದು, ಈಗ ಅಪಾರ್ಟ್‌ಮೆಂಟುಗಳ ನಡುವೆ ಹಳೆಯ ಊರಿನ ಓಣಿಗಳನ್ನೂ ಉಳಿಸಿಕೊಂಡಿರುವ ಬಡಾವಣೆಯಾಗಿದೆ. ಅಲ್ಲಿಂದ ದೂರವಲ್ಲದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಕಾರ್ಖಾನೆಯೂ ಮರುವರ್ಷವೇ ಬಿಇಎಲ್ ಕಾರ್ಖಾನೆಯೂ ಸ್ಥಾಪನೆಯಾದವು. ಬಿಇಎಲ್ 1960ರ ದಶಕದ ಆರಂಭದಿಂದ ರೇಡಿಯೋ ಸೆಟ್ಟುಗಳಿಗೆ ಬೇಕಾದ ವಾಲ್ವು, ಟ್ರಾನ್ಸಿಸ್ಟರುಗಳನ್ನು ತಯಾರಿಸಿತು. ಹೀಗಾಗಿ ಈ ಭಾಗದಲ್ಲಿ ಯಂತ್ರವನ್ನು ಮಾಡುವವರೂ ಕೊಳ್ಳುವವರೂ ಬೇರೆ ಬೇರೆ ಲೋಕದವರಾಗಿರದೆ, ಎಷ್ಟೋ ವೇಳೆ ಒಂದೇ ಮನೆಯವರಾಗಿದ್ದರು; ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವರು ಪಕ್ಕದ ಮನೆಯಲ್ಲೇ ಸಿಗುತ್ತಿದ್ದುದರಿಂದ ಇಲ್ಲಿನ ಬಳಕೆದಾರರ ಅಭಿಪ್ರಾಯಕ್ಕೆ ಒಂದು ಕಸುಬಿನ ಹದ ಬಂದಿತ್ತು. ಈ ಪ್ರದೇಶದ ಅರವತ್ತು ಚಿಲ್ಲರೆ ವರ್ಷಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ, ಪ್ರತಿಯೊಂದು ಹೊಸ ಸಾಧನವೂ ಅನುಕೂಲವನ್ನು ಮನೆಯೊಳಗೆ ತರುವಾಗ ಹತೋಟಿಯ ಒಂದಿಷ್ಟು ಪಾಲನ್ನು ಮನೆಯಿಂದ ಹೊರಗೆ ಒಯ್ದಿದೆಯೆಂಬುದು ಕಂಡುಬರುತ್ತದೆ. ಬಳಕೆದಾರರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಅವರು ಅದನ್ನು ಸಿದ್ಧಾಂತವಾಗಿ ಹೇಳುವುದಿಲ್ಲ, ಅಷ್ಟೆ.

ಚರ್ಚೆಯನ್ನು ಕೈಗಡಿಯಾರದಿಂದ ತೊಡಗುವುದು ಸೂಕ್ತ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಮೊದಲ ಗಡಿಯಾರಗಳನ್ನು 1961ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಮುಂದೆ ಮನೆಮಾತಾದವು. ಕೆಲಸಕ್ಕೆ ಸೇರಿದವರ ಮೊದಲ ಸಂಬಳಕ್ಕೂ ಮದುವೆಯ ಉಡುಗೊರೆಗೂ ಎಚ್‌ಎಂಟಿ ಎಂಬುದು ರೂಢಿಯಾಗಿ, ಬೇಡಿಕೆಯಷ್ಟು ಪೂರೈಕೆಯಿಲ್ಲದೆ ಜನ ಕಾಯಬೇಕಾಗಿದ್ದ ಕಾಲವದು. ಇವು ಹೆಚ್ಚಾಗಿ ಕೀ ಕೊಡುವ ಗಡಿಯಾರಗಳು. ಬೆಳಿಗ್ಗೆ ತಿರುಪನ್ನು ತಿರುವಿದಾಗ ಒಳಗಿನ ಉಕ್ಕಿನ ಸುರುಳಿಯೊಂದು ಬಿಗಿಯಾಗಿ ಸುತ್ತಿಕೊಂಡು, ಮಾರನೆಯ ದಿನದವರೆಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ನಡೆಸುತ್ತದೆ. ಕೂದಲೆಳೆಯಂಥ ಸ್ಪ್ರಿಂಗಿಗೆ ಕಟ್ಟುಬಿದ್ದ ಬ್ಯಾಲೆನ್ಸ್ ಚಕ್ರವು ಅತ್ತಿತ್ತ ತೂಗುತ್ತ ಆ ಓಟವನ್ನು ಸೆಕೆಂಡಿಗೆ 5 ಮಿಡಿತಗಳ ಲೆಕ್ಕದಲ್ಲಿ ತಡೆದು ತಡೆದು ಬಿಡುತ್ತದೆ. ಇಂಥ ಗಡಿಯಾರ ದಿನಕ್ಕೆ ಕೆಲವು ಸೆಕೆಂಡು, ಹಳತಾದರೆ ನಿಮಿಷವನ್ನೇ, ಹಿಂದೆ ಮುಂದೆ ಮಾಡುವುದು ಸಹಜ. ಆಕಾಶವಾಣಿಯ ವಾರ್ತೆಗೆ ಮುಂಚಿನ ಪೀಪ್ ಸದ್ದಿಗೆ ಮುಳ್ಳನ್ನು ಸರಿಪಡಿಸಿಕೊಳ್ಳುವುದು ಆಗ ದಿನಚರಿಯ ಭಾಗವಾಗಿತ್ತು.

ಕ್ವಾರ್ಟ್ಜ್ ಗಡಿಯಾರವು ಈ ತೊಂದರೆಯನ್ನು ಬಹುಮಟ್ಟಿಗೆ ಇಲ್ಲವಾಗಿಸಿತು. ಸ್ಫಟಿಕದ ತುಣುಕಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿ ಸೆಕೆಂಡಿನ ಮುಳ್ಳನ್ನು ಹೆಜ್ಜೆಯಿಡಿಸುವ ಪುಟ್ಟ ಮಂಡಲವಿದ್ದರೆ ಸಾಕು, ತಿಂಗಳಿಗೆ ಕೆಲವೇ ಸೆಕೆಂಡುಗಳ ವ್ಯತ್ಯಾಸ ಉಳಿಯುತ್ತದೆ. ಜಪಾನಿನ ಸೀಕೋ ಕಂಪನಿ 1969ರಲ್ಲಿ ಇಂಥ ಕೈಗಡಿಯಾರವನ್ನು ಮೊದಲು ಮಾರಿತು. ಎಚ್‌ಎಂಟಿ 1981ರ ಹೊತ್ತಿಗೆ ಕ್ವಾರ್ಟ್ಜಿಗೆ ಕೈಹಾಕಿತಾದರೂ ಅದರ ಮನಸ್ಸು ಕೀ ಗಡಿಯಾರದಲ್ಲೇ ಇತ್ತು. 1984ರಲ್ಲಿ ಸ್ಥಾಪನೆಯಾದ ಹೊಸೂರಿನ ಟೈಟನ್ ಕಂಪನಿಯು ಕ್ವಾರ್ಟ್ಜನ್ನೇ ನೆಚ್ಚಿ ಬಂದು ಮಾರುಕಟ್ಟೆಯ ಮುಖವನ್ನೇ ಬದಲಿಸಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಕಾಲವನ್ನು ಸರಿಯಾಗಿ ತೋರಿಸುವುದೇ ಗಡಿಯಾರದ ಗುಣವಾಗಿದ್ದರೆ ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಜಾಲಹಳ್ಳಿ, ಯಶವಂತಪುರದ ಕಡೆಯ ಹಿರಿಯರು ಇಂದಿಗೂ ಕೀ ಗಡಿಯಾರದ ಪಕ್ಷ ವಹಿಸಿ ಹೇಳುವ ಮಾತು ನಿಖರತೆಗೆ ಸಂಬಂಧಿಸಿದ್ದಲ್ಲ, ರಿಪೇರಿಗೆ ಸಂಬಂಧಿಸಿದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತ ಗಡಿಯಾರದ ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು, ಚಕ್ರಗಳನ್ನು ಒಂದೊಂದಾಗಿ ಇಕ್ಕುಳದಲ್ಲಿ ಎತ್ತಿ ಪೆಟ್ರೋಲಿನಲ್ಲಿ ತೊಳೆದು, ಕೀಲುಗಳಿಗೆ ಸೂಜಿಯ ಮೊನೆಯಷ್ಟು ಎಣ್ಣೆ ಮುಟ್ಟಿಸಿ ಮತ್ತೆ ಕೂಡಿಸುತ್ತಿದ್ದರು. ಕೆಟ್ಟ ಚಕ್ರಕ್ಕೆ ಬದಲಾಗಿ ಇನ್ನೊಂದು ಸತ್ತ ಗಡಿಯಾರದ ಚಕ್ರ ಸಲ್ಲುತ್ತಿತ್ತು. ಕ್ವಾರ್ಟ್ಜ್ ಗಡಿಯಾರಕ್ಕೆ ಅವರು ಮಾಡುವ ಕೆಲಸ ಮುಖ್ಯವಾಗಿ ಎರಡು: ಸೆಲ್ ಬದಲಿಸುವುದು, ಅದೂ ಆಗದಿದ್ದರೆ ಒಳಗಿನ ಯಂತ್ರವನ್ನು ಇಡಿಯಾಗಿ ಕಿತ್ತು ಹೊಸತನ್ನು ಕೂರಿಸುವುದು. ಎರಡನೆಯದರಲ್ಲಿ ಖರ್ಚೂ ಕಡಿಮೆ, ಸಮಯವೂ ಕಡಿಮೆ, ಆದರೆ ಅದನ್ನು ದುರಸ್ತಿ ಎನ್ನುವುದಕ್ಕಿಂತ ಬದಲಾವಣೆ ಎನ್ನುವುದೇ ಸರಿ. ನಿಖರತೆಯನ್ನು ಕೊಂಡವರು ಬಿಟ್ಟುಕೊಟ್ಟದ್ದು ಈ ದುರಸ್ತಿಯ ಸಾಧ್ಯತೆಯನ್ನು. ಬಹುಪಾಲು ಜನ ಆ ವ್ಯಾಪಾರವನ್ನು ಸಂತೋಷದಿಂದಲೇ ಒಪ್ಪಿದರು, ಒಪ್ಪಿದ್ದು ತಪ್ಪೆಂದು ಹೇಳಲಾಗದು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹಳೆಯ ಜನತಾ ಗಡಿಯಾರಗಳನ್ನು ಹುಡುಕಿಕೊಂಡು ಬರುವವರು ಹೆಚ್ಚಿದರೆಂಬುದು ಮಾತ್ರ ಮೋಜಿನ ಸಂಗತಿ.

ದೂರವಾಣಿಯ ಮಟ್ಟಿಗೆ ಈ ಲೆಕ್ಕ ಇನ್ನಷ್ಟು ಗೋಜಲಾಗಿದೆ. ರೇಡಿಯೋ ಇಟ್ಟುಕೊಳ್ಳಲು 1980ರ ದಶಕದ ಮಧ್ಯದವರೆಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ, ಮನೆಗೆ ಫೋನು ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಕರೆ ನಡೆಯಿತು. ಮೊದಮೊದಲು ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ದುಬಾರಿ ದರಕ್ಕೆ ಜನ ಕಂಡುಕೊಂಡ ಉತ್ತರವೇ ಮಿಸ್ಡ್ ಕಾಲ್. ಒಂದು ರಿಂಗಾದರೆ "ಹೊರಟೆ", ಎರಡಾದರೆ "ಬಸ್ಸು ಇಳಿದೆ" ಎಂಬ ಒಪ್ಪಂದವನ್ನು ಯಾವ ಕಂಪನಿಯೂ ಕಲಿಸಿಕೊಡಲಿಲ್ಲ. ದರದ ಪಟ್ಟಿಯನ್ನು ಓದಿ, ಅದರಲ್ಲಿ ಹಣ ಬೀಳದ ಜಾಗವೆಲ್ಲಿದೆಯೆಂದು ಕಂಡುಹಿಡಿದು, ಅಲ್ಲಿ ತಮ್ಮ ವ್ಯವಹಾರವನ್ನು ಹೂಡಿಕೊಂಡ ಈ ಜಾಣ್ಮೆಗೆ ಅರ್ಥಶಾಸ್ತ್ರಜ್ಞರೂ ತಲೆದೂಗಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ನಂತರ ಇಂಟರ್ನೆಟ್ ಅಗ್ಗವಾಯಿತು, ಮಾತು ಹೆಚ್ಚುಕಡಿಮೆ ಪುಕ್ಕಟೆಯಾಯಿತು. ಆದರೆ ಮೊದಲು ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿ, ಬೇಕಾದಾಗ ಬೇಕಾದಷ್ಟು ಮಾತಾಡಿ, ಉಳಿದದ್ದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದ ಪದ್ಧತಿ ಹೋಗಿ, ಇಂತಿಷ್ಟು ದಿನಕ್ಕೆ ಇಂತಿಷ್ಟು ಹಣವೆಂಬ ಪ್ಯಾಕುಗಳು ಬಂದವು. ಪ್ಯಾಕಿನ ಅವಧಿ 28 ದಿನವೆಂದಾದರೆ ವರ್ಷಕ್ಕೆ 12 ಅಲ್ಲ, 13 ಬಾರಿ ಹಣ ಕಟ್ಟಬೇಕಾಗುತ್ತದೆ. ಈ ಹದಿಮೂರನೆಯ ತಿಂಗಳನ್ನು ಮೊದಲು ಗುರುತಿಸಿದವರು ಗಣಿತಜ್ಞರಲ್ಲ, ತಿಂಗಳ ಪಗಾರದಲ್ಲಿ ಮನೆ ನಡೆಸುವವರು. ಅವರ ಗೊಣಗಾಟವು ದೂರುಗಳಾಗಿ ಬೆಳೆದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2022ರ ಜನವರಿಯಲ್ಲಿ, ಪ್ರತಿ ಕಂಪನಿಯೂ 30 ದಿನಗಳ ಅವಧಿಯ ಪ್ಯಾಕನ್ನೂ ಇಟ್ಟಿರಬೇಕೆಂದು ವಿಧಿಸಿತು. ಇನ್ನೊಂದು ಗೊಣಗಾಟ ಬಟನ್ ಫೋನಿನ ಹಿರಿಯರದು. ಮಗಳ ಕರೆಗಾಗಿ ಮಾತ್ರ ಫೋನಿಟ್ಟುಕೊಂಡ ಅಜ್ಜಿಯೂ ದಿನಕ್ಕಿಷ್ಟು ಜಿಬಿ ಡೇಟಾ ಇರುವ ಪ್ಯಾಕಿಗೇ ಹಣ ಕೊಡಬೇಕಾಗಿತ್ತು. ಆ ಡೇಟಾವನ್ನು ಬಳಸಲು ಆಕೆಯ ಫೋನಿಗೆ ಬಾಯಿಯೇ ಇರಲಿಲ್ಲ. 2024ರ ಜುಲೈಯಲ್ಲಿ ದೊಡ್ಡ ಖಾಸಗಿ ಕಂಪನಿಗಳು ದರವನ್ನು ಏರಿಸಿದಾಗ ಈ ಅಸಮಾಧಾನ ಹೆಚ್ಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ರಾಯ್ ತನ್ನ ನಿಯಮಗಳನ್ನು ತಿದ್ದಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನು ಕಡ್ಡಾಯಗೊಳಿಸಿತು. ಅಂಗಡಿಯ ಮುಂದಿನ ಮಾತನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಈ ಎರಡು ಆದೇಶಗಳು ಸಾಕು.

ಈಗಿನ ಫೋನುಗಳ ಬಗ್ಗೆ ಹೆಚ್ಚು ಕೇಳಿಬರುವ ಅಭಿಪ್ರಾಯ ಬ್ಯಾಟರಿಯದು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯು ಹಗುರ, ಶಕ್ತಿಯೂ ಹೆಚ್ಚು. ಅದನ್ನು ಸಾಧ್ಯವಾಗಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ತುಂಬಿಸಿ ಖಾಲಿ ಮಾಡುವ ಪ್ರತಿ ಸುತ್ತಿನಲ್ಲೂ ಅದರ ಧಾರಣಶಕ್ತಿ ಕೊಂಚ ಕುಗ್ಗುತ್ತದೆ. ಕೆಲವು ನೂರು ಸುತ್ತುಗಳಲ್ಲಿ ಐದನೆಯ ಒಂದು ಭಾಗದಷ್ಟು ಹೋಗುವುದು ಸಾಮಾನ್ಯ. ಬಿಸಿ ಅದರ ದೊಡ್ಡ ಶತ್ರು. "ಬೇಗ ಚಾರ್ಜಾಗೋ ಫೋನು ಬೇಗ ಸಾಯುತ್ತೆ" ಎಂಬ ಜನಾಭಿಪ್ರಾಯವನ್ನು ಕಂಪನಿಗಳ ಜಾಹೀರಾತುಗಳು ಅಲ್ಲಗಳೆಯುತ್ತವೆ. ವೇಗದ ಚಾರ್ಜಿಂಗನ್ನು ಹದದಲ್ಲಿಡುವ ಮಂಡಲಗಳು ಫೋನಿನೊಳಗೇ ಇರುವುದರಿಂದ ಆ ಅಭಿಪ್ರಾಯ ಪೂರ್ತಿ ನಿಜವಲ್ಲ, ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚುವುದರಿಂದ ಪೂರ್ತಿ ಸುಳ್ಳೂ ಅಲ್ಲ.

ಹಳೆಯ ಫೋನಿನಲ್ಲಿ ಉಗುರಿನಿಂದ ಮುಚ್ಚಳ ಎಬ್ಬಿಸಿ ಹೊಸ ಬ್ಯಾಟರಿಯನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಾಗಿತ್ತು. ಫೋನು ತೆಳುವಾಗಬೇಕು, ನೀರು ಹೋಗಬಾರದು ಎಂಬ ಎರಡು ಆಸೆಗಳು ಸೇರಿ ಅದನ್ನು ಅಂಟು ಹಾಕಿ ಮುಚ್ಚಿಬಿಟ್ಟವು. ಯಲಹಂಕ ಉಪನಗರದ ಅಥವಾ ಆರ್.ಟಿ. ನಗರದ ಯಾವುದೇ ರಿಪೇರಿ ಅಂಗಡಿಯಲ್ಲಿ ಈಗ ನಡೆಯುವ ಕೆಲಸವನ್ನು ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು ಅಂಟು ಸಡಿಲಾಗುವವರೆಗೆ ಕಾದು, ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನಲ್ಲಿ ತೂರಿಸಿ ಹಿಂಬದಿಯ ಗಾಜನ್ನು ಬಿಡಿಸಿ, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಯಸ್ಕಾಂತದ ಹಾಳೆಯ ಮೇಲೆ ಜೋಡಿಸಿಟ್ಟು, ಸ್ಪಿರಿಟ್ ಬಿಟ್ಟು ಬ್ಯಾಟರಿಯನ್ನು ಮೆಲ್ಲಗೆ ಮೀಟಬೇಕು. ಚೂರು ಬಾಗಿದರೂ ಹೊಗೆ ಬರುವ ಅಪಾಯವಿದೆ. ಇಷ್ಟಾದ ಮೇಲೂ ಕೆಲವು ಫೋನುಗಳು ಹೊಸ ಬ್ಯಾಟರಿಯನ್ನು ಗುರುತಿಸದೆ, ಇದು ಅಸಲಿ ಬಿಡಿಭಾಗವಲ್ಲವೆಂಬ ಸಂದೇಶವನ್ನು ತೋರಿಸುತ್ತವೆ. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಊರಿನ ಅರ್ಧ ಫೋನುಗಳನ್ನು ಬದುಕಿಸುವ ಈ ಕಸುಬುದಾರರಿಗೆ ತಮ್ಮ ಕೈಚಳಕಕ್ಕಿಂತ ಕಂಪನಿಯ ಸಾಫ್ಟ್‌ವೇರಿನ ಒಪ್ಪಿಗೆ ದೊಡ್ಡದಾಗಿರುವುದು ಅರ್ಥಮಾಡಿಕೊಳ್ಳಲಾಗದ ಸಂಗತಿಯಾಗಿದೆ. ಅವರ ಅಸಮಾಧಾನ ನ್ಯಾಯವಾದದ್ದೇ.

ಈ ಪ್ರಶ್ನೆ ಈಗ ಅಂಗಡಿಯಿಂದ ಕಾನೂನಿಗೆ ಹೋಗಿದೆ. ಹಳತಾದ ಬ್ಯಾಟರಿಯಿರುವ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಾಗ, "ಹೊಸ ಮಾಡೆಲ್ ಬಂದ ಕೂಡಲೇ ಹಳೇ ಫೋನು ನಿಧಾನವಾಗುತ್ತೆ" ಎನ್ನುತ್ತಿದ್ದವರಿಗೆ ಆನೆಬಲ ಬಂದಂತಾಯಿತು. ಹಳೆಯ ಬ್ಯಾಟರಿಯ ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲೆಂದು ಹಾಗೆ ಮಾಡಿದೆವೆಂಬ ಕಂಪನಿಯ ವಿವರಣೆಯಲ್ಲಿ ಹುರುಳಿತ್ತಾದರೂ, ಬಳಕೆದಾರರಿಗೆ ಹೇಳದೆ ಮಾಡಿದ್ದೇ ತಕರಾರಿನ ಮೂಲ. ಫ್ರಾನ್ಸ್ 2021ರಿಂದ ಫೋನುಗಳ ಮೇಲೆ ಅವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆಂಬುದಕ್ಕೆ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟವು 2027ರ ಫೆಬ್ರವರಿಯಿಂದ ಬಳಕೆದಾರರೇ ತೆಗೆದು ಹಾಕಬಹುದಾದ ಬ್ಯಾಟರಿಯಿರಬೇಕೆಂಬ ನಿಯಮವನ್ನು ಮಾಡಿದೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವೊಂದನ್ನು ತೆರೆಯಿತು. ಜಾಲತಾಣ ಉಪಯುಕ್ತವೇ, ಆದರೆ ಬಿಡಿಭಾಗ ಯಾರಿಗೆ, ಯಾವ ಬೆಲೆಗೆ ಸಿಗಬೇಕೆಂಬುದು ಇತ್ಯರ್ಥವಾಗದೆ ಸಿಂಗಾಪುರದ ರಿಪೇರಿ ಅಂಗಡಿಗೆ ಅದರಿಂದ ಆಗುವ ಪ್ರಯೋಜನ ಅಲ್ಪ.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ಅನುಕೂಲ ಪಡೆದವರೂ ಬೆಲೆ ತೆತ್ತವರೂ ಒಬ್ಬರೇ. ಹಾಗಲ್ಲದ ಪ್ರಸಂಗವೊಂದನ್ನು ಬೆಂಗಳೂರು 2025ರ ಜುಲೈಯಲ್ಲಿ ಕಂಡಿತು. 2016ರಲ್ಲಿ ಆರಂಭವಾದ ಯುಪಿಐ, ಅಂದರೆ ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದಕ್ಕೆ ಫೋನಿನ ಮೂಲಕ ಆ ಕ್ಷಣವೇ ಹಣ ದಾಟಿಸುವ ವ್ಯವಸ್ಥೆ, ಈ ನಗರದ ಚಿಲ್ಲರೆಯ ಜಗಳವನ್ನೇ ಮುಗಿಸಿದೆಯೆನ್ನಬಹುದು. ಬಿಎಂಟಿಸಿ ಬಸ್ಸಿನ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಚಿಲ್ಲರೆಯನ್ನು ಬರೆದುಕೊಟ್ಟು, ಇಳಿಯುವಾಗ ಅದನ್ನು ಕೇಳಲು ಮರೆತ ಪ್ರಯಾಣಿಕರು ಹಳಹಳಿಸುವುದು, ಕಿರಾಣಿ ಅಂಗಡಿಯವರು ಒಂದು ರೂಪಾಯಿಗೆ ಬದಲು ಚಾಕಲೇಟು ಕೊಡುವುದು, ಇವೆಲ್ಲ ಬೆಂಗಳೂರಿನವರಿಗೆ ಚಿರಪರಿಚಿತ. "ಸ್ಕ್ಯಾನರ್ ಇದೆಯಾ?" ಎಂದು ಕೇಳಿ, ಗೋಡೆಗೆ ಅಂಟಿಸಿದ ಚೌಕುಳಿ ಚಿತ್ರದತ್ತ ಫೋನು ಹಿಡಿದು, ಸೌಂಡ್ ಬಾಕ್ಸು ಕನ್ನಡದಲ್ಲೇ ಮೊತ್ತವನ್ನು ಕೂಗಿ ಹೇಳಿದ ಮೇಲೆ ಸೊಪ್ಪಿನ ಕಟ್ಟನ್ನು ಎತ್ತಿಕೊಂಡು ಹೊರಡುವ ಕ್ರಮ ಎಲ್ಲರಿಗೂ ಒಗ್ಗಿಹೋಯಿತು. 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಇದಕ್ಕೆ ಬ್ಯಾಂಕಿನ ಶುಲ್ಕವೂ ಇರಲಿಲ್ಲ. ಪುಕ್ಕಟೆಯಾಗಿ ಕಂಡ ಈ ಸೇವೆಗೆ ಬೆಲೆಯೊಂದಿತ್ತು, ಅದು ದಾಖಲೆ. ನಗದಿನ ವ್ಯವಹಾರ ಗಲ್ಲಾಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಯುಪಿಐ ವ್ಯವಹಾರ ಬರಹವಾಗಿ ಉಳಿಯುತ್ತದೆ.

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಆ ಬರಹವನ್ನು ಓದಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ, ಆ ಮಿತಿ ದಾಟಿಯೂ ನೋಂದಣಿಯಿಲ್ಲದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರಿಗೆ ಹಿಂದಿನ ವರ್ಷಗಳ ತೆರಿಗೆ ಕೇಳುವ ನೋಟಿಸುಗಳು ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ರಾಜ್ಯವಿಡೀ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಕೆಲವೇ ದಿನಗಳಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬರಹ ಕಾಣಿಸಿಕೊಂಡಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ವಿನಾಯಿತಿಯಿರುವ ಹಾಲು, ಹಣ್ಣು, ತರಕಾರಿಯಂಥ ಸರಕಿನ ಮೇಲೆ ತೆರಿಗೆ ಕೇಳುವುದಿಲ್ಲವೆಂದೂ, ನೋಂದಣಿ ಮಾಡಿಸಿಕೊಂಡವರಿಗೆ ಹಳೆಯ ಬಾಕಿಯ ಒತ್ತಾಯವಿರುವುದಿಲ್ಲವೆಂದೂ ತಿಳಿಸಿದ ಮೇಲೆ ಬಿಸಿ ತಗ್ಗಿತು.

ಆ ದಿನಗಳಲ್ಲಿ ಕೇಳಿಬಂದ ಅಭಿಪ್ರಾಯಗಳು ಎರಡು ಕವಲಾಗಿದ್ದವು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಸಂಬಳದವರು ಕಟ್ಟುತ್ತಿಲ್ಲವೇ ಎಂದವರು ಕೆಲವರು. ಲಾಭವೇ ಬೇರೆ, ವಹಿವಾಟೇ ಬೇರೆ, ಖಾತೆಗೆ ಬಂದದ್ದರಲ್ಲಿ ನೆಂಟರಿಂದ ತಂದ ಸಾಲವೂ ಇರಬಹುದಲ್ಲ ಎಂದವರು ಕೆಲವರು. ಎರಡೂ ಮಾತಿನಲ್ಲಿ ನ್ಯಾಯವಿದೆ. ಆದರೆ ಈ ಭಾಷಣದ ವಿಷಯಕ್ಕೆ ಮುಖ್ಯವಾದದ್ದು ಬೇರೆ: ಚಿಲ್ಲರೆಯ ತಾಪತ್ರಯ ತಪ್ಪಿದ್ದು ಗಿರಾಕಿಗೆ, ಉತ್ತರ ಹೇಳಬೇಕಾಗಿ ಬಂದದ್ದು ಅಂಗಡಿಯವರಿಗೆ. ಕ್ಯೂಆರ್ ಚೀಟಿಯನ್ನು ಅಂಗಡಿಯವರು ತೂಗುಹಾಕಿದ್ದು ಗಿರಾಕಿಗಳ ಒತ್ತಾಯಕ್ಕೆ, ಪಕ್ಕದ ಅಂಗಡಿಯ ಪೈಪೋಟಿಗೆ. ಅದರ ಷರತ್ತುಗಳನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೊಸ ಸಾಧನವೊಂದನ್ನು ತಾವಾಗಿ ಆರಿಸಿಕೊಂಡವರ ಲೆಕ್ಕವನ್ನೂ, ಸುತ್ತಲಿನವರೆಲ್ಲ ಹಿಡಿದರೆಂದು ಹಿಡಿಯಬೇಕಾಗಿ ಬಂದವರ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕಂತಿನ ಮೇಲೆ ಫೋನು ಕೊಳ್ಳುವುದರ ಬಗ್ಗೆ ಹೆಚ್ಚು ವಿಸ್ತರಿಸಬೇಕಾಗಿಲ್ಲ. "ಬಡ್ಡಿಯಿಲ್ಲದ ಇಎಂಐ" ಎಂಬ ಫಲಕವಿರುವಲ್ಲಿ ಬಡ್ಡಿಯು ಬೇರೆ ಹೆಸರಿನಲ್ಲಿರುತ್ತದೆ: ಸಂಸ್ಕರಣಾ ಶುಲ್ಕವಾಗಿ, ಇಲ್ಲವೇ ಪೂರ್ತಿ ಹಣ ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿರುವ ರೂಪದಲ್ಲಿ. ಶೂನ್ಯ ಬಡ್ಡಿ ಎಂಬುದು ಇಲ್ಲವೆಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಬರೆದಿತ್ತು. ಕಂತು ತಪ್ಪಿದರೆ ದೂರದಿಂದಲೇ ಫೋನನ್ನು ಲಾಕ್ ಮಾಡುವ ಸಾಫ್ಟ್‌ವೇರನ್ನು ಸಾಲ ಕೊಡುವ ಕೆಲವು ಸಂಸ್ಥೆಗಳು ಹಾಕಿಸಿದ್ದುಂಟು. ಜೇಬಿನಲ್ಲಿದ್ದೂ ತನ್ನದಲ್ಲದ ವಸ್ತುವಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಖಾಸಗಿತನದ ಮಾತು ಬಂದಾಗ ಸಾಮಾನ್ಯ ಬಳಕೆದಾರರಿಗೆ ಅದರ ಪರಿವೆಯೇ ಇಲ್ಲವೆಂದು ಹೇಳಿಬಿಡುವುದು ವಿದ್ಯಾವಂತರ ಚಾಳಿ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಬೆಂಗಳೂರಿನಲ್ಲಿ ನೆಲೆಸಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ತೀರ್ಪನ್ನು ಓದದವರಲ್ಲೂ ಆ ಅರಿವು ಬೇರೆ ಬಗೆಯಲ್ಲಿದೆ. ಬಟ್ಟೆಯಂಗಡಿಯ ಬಿಲ್ಲಿನವರು ಮೊಬೈಲ್ ನಂಬರ್ ಕೇಳಿದಾಗ ಹಳೆಯ, ಈಗ ಚಾಲ್ತಿಯಲ್ಲಿಲ್ಲದ ನಂಬರನ್ನು ಹೇಳುವ ಗೃಹಿಣಿಯರಿದ್ದಾರೆ. ಬ್ಯಾಂಕಿಗೊಂದು, ಉಳಿದದ್ದಕ್ಕೊಂದು ಎಂದು ಎರಡು ಸಿಮ್ ಇಟ್ಟುಕೊಂಡು, ಹಣವಿರುವ ನಂಬರನ್ನು ಬಟನ್ ಫೋನಿನಲ್ಲೇ ಹಾಕಿಟ್ಟ ವ್ಯಾಪಾರಿಗಳಿದ್ದಾರೆ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಸಾವಿರ ಎರಡು ಸಾವಿರಕ್ಕಿಂತ ಹೆಚ್ಚು ಇಡದವರೂ ಇದ್ದಾರೆ. ನಂಬರ್ ಕೊಡಲೇಬೇಕೆಂದು ಅಂಗಡಿಗಳು ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚಿಸುವ ಮೊದಲೇ ಜನ ತಮ್ಮದೇ ಆದ ಬೇಲಿ ಕಟ್ಟಿಕೊಂಡಿದ್ದರು. ಇದನ್ನು ಹಿಂದುಳಿದಿರುವಿಕೆಯೆಂದು ಕರೆಯುವುದಕ್ಕಿಂತ ವ್ಯವಹಾರಜ್ಞಾನವೆಂದು ಕರೆಯುವುದು ಉಚಿತ.

ಬಾನುಲಿಯ ಕೇಳುಗರಿಗೆ ನೇರವಾಗಿ ಸಂಬಂಧಿಸಿದ ಒಂದು ಕೊಡುಕೊಳ್ಳುವಿಕೆ ಉಳಿದಿದೆ. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್‌ನ ಬೆಂಗಳೂರು ಕೇಂದ್ರ ಸದ್ದುಗದ್ದಲದೊಡನೆಯಾದರೂ ಬಹುದೂರ ಕೇಳುತ್ತದೆ. ಎಫ್‌ಎಂ ಸ್ವಚ್ಛವಾಗಿ ಕೇಳುತ್ತದೆ, ದೂರ ಹೋಗದು. ಇವೆರಡರಲ್ಲೂ ಪ್ರಸಾರ ಮಾಡುವವರಿಗೆ ಕೇಳುವವರು ಯಾರೆಂಬುದು ತಿಳಿಯುವುದಿಲ್ಲ. ಅದೇ ಕಾರ್ಯಕ್ರಮವನ್ನು ಫೋನಿನ ಆ್ಯಪಿನಲ್ಲಿ ಕೇಳಿದರೆ ಅಮೆರಿಕದಲ್ಲಿರುವ ಮಗನಿಗೂ ಕೇಳಿಸುತ್ತದೆ, ಆದರೆ ಡೇಟಾ ಖರ್ಚಾಗುತ್ತದೆ, ಯಾವ ಫೋನು ಎಷ್ಟು ಹೊತ್ತು ಕೇಳಿತೆಂಬುದೂ ಎಲ್ಲೋ ದಾಖಲಾಗುತ್ತದೆ. ಫೋನುಗಳಲ್ಲಿ ಎಫ್‌ಎಂ ಹಿಡಿಯಲು ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿ ಕೆಲಸ ಮಾಡುತ್ತಿತ್ತು. 2016ರಲ್ಲಿ ಐಫೋನಿನಿಂದ ತಂತಿ ಸಿಕ್ಕಿಸುವ ತೂತು ಹೋಗಿ, ಬೇರೆ ಕಂಪನಿಗಳೂ ಅದೇ ದಾರಿ ಹಿಡಿದು, ತಂತಿಯಿಲ್ಲದ ಇಯರ್‌ಬಡ್‌ಗಳು ಬಂದ ಮೇಲೆ, ಅನೇಕ ಫೋನುಗಳಲ್ಲಿ ಎಫ್‌ಎಂ ಕೂಡ ಸದ್ದಿಲ್ಲದೆ ಹೋಯಿತು. ನೆರೆ, ಚಂಡಮಾರುತದ ಹೊತ್ತಿನಲ್ಲಿ ಟವರುಗಳು ಕೆಟ್ಟರೂ ರೇಡಿಯೋ ಕೇಳಬಹುದೆಂಬ ಕಾರಣವನ್ನೂ ನೀಡಿ, ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರಲ್ಲಿ ತಯಾರಕರಿಗೆ ಸಲಹೆ ನೀಡಿತು. ಸಲಹೆ ಆದೇಶವಲ್ಲ.

ಹೀಗಾಗಿ ಎಫ್‌ಎಂ ಬೇಕೆನ್ನುವವರು ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗಿನ ಬಟನ್ ಫೋನಿನತ್ತ ತಿರುಗುತ್ತಾರೆ. ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ರಾತ್ರಿ ಪಾಳಿಯ ಕಾವಲುಗಾರರು, ಹೂವು ಕಟ್ಟುವವರು, ಟಚ್ ಫೋನಿನ ಜೊತೆಗೆ ಇನ್ನೊಂದಿರಲಿ ಎನ್ನುವ ನಿವೃತ್ತರು ಕೊಳ್ಳುವ ಈ ಫೋನಿನಲ್ಲಿ ಟಾರ್ಚ್ ಇದೆ, ಮೆಮೊರಿ ಕಾರ್ಡಿಗೆ ಜಾಗವಿದೆ, ಕೆಲವು ಮಾಡೆಲುಗಳಲ್ಲಿ ತಂತಿ ಸಿಕ್ಕಿಸದೆಯೂ ಎಫ್‌ಎಂ ಬರುತ್ತದೆ, ಚಾರ್ಜ್ ದಿನಗಟ್ಟಲೆ ನಿಲ್ಲುತ್ತದೆ. ಅಂಗಡಿಯವರು ಹಿಂಬದಿಯ ಮುಚ್ಚಳವನ್ನು ಗಿರಾಕಿಯ ಎದುರಿಗೇ ತೆಗೆದು ಬ್ಯಾಟರಿ ಹಾಕಿ ಕೊಡುತ್ತಾರೆ. ಇಂಟರ್ನೆಟ್ ಇಲ್ಲದ ಇಂಥ ಫೋನುಗಳಿಂದಲೂ ಹಣ ಕಳಿಸಲು 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಯುಪಿಐ 123ಪೇ ಎಂಬ ವ್ಯವಸ್ಥೆಗೆ ಚಾಲನೆ ನೀಡಿದೆ. ಆದರೆ ಅದಿದೆಯೇ ಎಂದು ಕೇಳಿ ಬಟನ್ ಫೋನು ಕೊಳ್ಳುವವರು ವಿರಳ, ಬೇರೆ ಬ್ಯಾಟರಿ ಸಿಗುತ್ತದೆಯೇ ಎಂದು ಕೇಳುವವರೇ ಹೆಚ್ಚು.